ಹೊಗೆ ಪತ್ರವೊಂದೇ ಸಾಲದು

ನವೆಂಬರ್ ತಿಂಗಳನ್ನು ರಾಜ್ಯದಲ್ಲಿ ವಾಯುಮಾಲಿನ್ಯ ನಿಯಂತ್ರಣ ಮಾಸವೆಂದು ಆಚರಿಸುವುದು ವಾಡಿಕೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರಿಗೆ ಅದು ವರ್ಷದಲ್ಲೇ ಬಿಡುವಿಲ್ಲದ ಕಾಲವೂ ಹೌದು. ಕಟ್ಟೆಮಳಲವಾಡಿ, ಕಂಪಲಾಪುರ ಮುಂತಾದ ಹರಾಜು ಮಾರುಕಟ್ಟೆಗಳಿಗೆ ಹೊಗೆಸೊಪ್ಪಿನ ಬೇಲುಗಳು ಸಾಗುತ್ತಿರುತ್ತವೆ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತ ಕೊಯ್ಲಿಗೆ ಬರುತ್ತದೆ, ಕೋಟೆಯ ಕಡೆಯಿಂದ ಬಾಳೆ, ಶುಂಠಿ ಹೊರಡುತ್ತವೆ. ಇಂತಹ ದಿನಗಳಲ್ಲಿ ವಾಹನವೊಂದು ತಪಾಸಣೆಗೆ ಸಿಕ್ಕಿ ನಿಂತರೆ ಆಗುವ ನಷ್ಟ ದಂಡದ ಮೊತ್ತಕ್ಕಿಂತ ಹೆಚ್ಚು. ಆದುದರಿಂದಲೇ ಬಹುತೇಕ ವಾಹನ ಮಾಲೀಕರು ಎಮಿಷನ್ ಸರ್ಟಿಫಿಕೇಟನ್ನು ಪೊಲೀಸರಿಗೆ ತೋರಿಸುವ ಕಾಗದವೆಂದಷ್ಟೇ ಬಗೆದಿದ್ದಾರೆ. ಇದರ ಅಧಿಕೃತ ಹೆಸರು ಪಿ.ಯು.ಸಿ. ಪ್ರಮಾಣಪತ್ರ. ಕನ್ನಡನಾಡಿನಲ್ಲಿ ಪಿ.ಯು.ಸಿ. ಎಂದೊಡನೆ ಕಾಲೇಜು ನೆನಪಾಗುವುದರಿಂದಲೋ ಏನೋ, ಜನರ ಬಾಯಲ್ಲಿ ‘ಎಮಿಷನ್’ ಎಂಬುದೇ ನಿಂತಿದೆ.

ಈ ಕಾಗದವು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಈಗ ವಿಚಾರಿಸಬೇಕಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೆಯ ನಿಯಮದ ಪ್ರಕಾರ ನೋಂದಣಿಯಾಗಿ ಒಂದು ವರ್ಷ ಕಳೆದ ಪ್ರತಿಯೊಂದು ವಾಹನವೂ ಈ ಪತ್ರವನ್ನು ಹೊಂದಿರತಕ್ಕದ್ದು. ಹಳೆಯ ವಾಹನಗಳಿಗೆ ಇದರ ಅವಧಿ ಆರು ತಿಂಗಳು. ಬಿಎಸ್-4 ಮತ್ತು ಅನಂತರದ ವಾಹನಗಳಿಗೆ ಒಂದು ವರ್ಷ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಮಾಲಿನ್ಯ ನಿಯಮದ ಉಲ್ಲಂಘನೆಗೆ ಗರಿಷ್ಠ 10,000 ರೂ. ದಂಡವನ್ನೂ ಮೂರು ತಿಂಗಳವರೆಗಿನ ಸೆರೆವಾಸವನ್ನೂ ವಿಧಿಸಲು ಅವಕಾಶ ನೀಡಿದೆ. ಕಾನೂನು ಇಷ್ಟು ಬಿಗಿಯಾಗಿದ್ದರೂ ತಪಾಸಣೆಯ ವಿಧಾನ ಮಾತ್ರ ಬಹುಮಟ್ಟಿಗೆ ಹಳೆಯದೇ ಆಗಿದೆ. ಪೆಟ್ರೋಲ್ ವಾಹನವಾದರೆ ನಿಂತಲ್ಲಿಯೇ ಎಂಜಿನ್ ಓಡಿಸಿ, ಹೊಗೆ ಕೊಳವೆಯೊಳಗೆ ನಳಿಕೆಯನ್ನಿಟ್ಟು, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳ ಪ್ರಮಾಣವನ್ನು ಅಳೆಯಲಾಗುತ್ತದೆ. ಡೀಸೆಲ್ ವಾಹನವಾದರೆ ಗೇರ್ ಹಾಕದೆ ಆಕ್ಸಿಲರೇಟರನ್ನು ಥಟ್ಟನೆ ಒತ್ತಿ ಹೊಗೆಯ ಸಾಂದ್ರತೆಯನ್ನು ನೋಡಲಾಗುತ್ತದೆ. ಎಂಜಿನ್ ಚೆನ್ನಾಗಿ ಕಾದಿರದಿದ್ದರೆ ಸುಸ್ಥಿತಿಯ ವಾಹನವೂ ಇದರಲ್ಲಿ ಅನುತ್ತೀರ್ಣವಾಗಬಹುದು.

ಕಾರ್ಬುರೇಟರ್ ಕಾಲದ ಸ್ಕೂಟರಿಗೂ ಕರಿಹೊಗೆ ಕಾರುವ ಹಳೆಯ ಲಾರಿಗೂ ಈ ಪರೀಕ್ಷೆ ಸಾಕಾಗಿತ್ತು. ಆದರೆ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ವಾಹನಗಳು ಮಾತ್ರ ಮಾರಾಟವಾಗುತ್ತಿವೆ. ಇವುಗಳಲ್ಲಿ ಮಾಲಿನ್ಯವನ್ನು ತಡೆಯುವುದು ಬರಿಯ ಎಂಜಿನ್ ಅಲ್ಲ. ಕೆಟಲಿಟಿಕ್ ಕನ್ವರ್ಟರ್, ಆಮ್ಲಜನಕ ಸಂವೇದಕ, ಡೀಸೆಲ್ ವಾಹನಗಳಲ್ಲಿ ಡಿಪಿಎಫ್ ಎಂಬ ಮಸಿ ಶೋಧಕ, ದೊಡ್ಡ ಲಾರಿಗಳಲ್ಲಿ ಶೇ. 32.5ರ ಯೂರಿಯಾ ದ್ರಾವಣವನ್ನು ಬಳಸುವ ಶುದ್ಧೀಕರಣ ಘಟಕ ಇವೆಲ್ಲ ಒಟ್ಟಾಗಿ ಆ ಕೆಲಸ ಮಾಡುತ್ತವೆ. ಡೀಸೆಲ್ ಎಂಜಿನ್ನಿನ ಅತಿ ದೊಡ್ಡ ಉಪದ್ರವವಾದ ನೈಟ್ರೋಜನ್ ಆಕ್ಸೈಡ್‌ಗಳನ್ನು ಹೊಗೆ ತಪಾಸಣಾ ಕೇಂದ್ರದ ಯಂತ್ರವು ಅಳೆಯುವುದೇ ಇಲ್ಲ. ಒಡೆದುಹೋದ ಮಸಿ ಶೋಧಕವೂ ಸಾಂದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲದೆಂಬ ಕಾರಣದಿಂದಲೇ ಬೆಲ್ಜಿಯಂ 2022ರಲ್ಲಿಯೂ, ನೆದರ್ಲೆಂಡ್ಸ್ ಮತ್ತು ಜರ್ಮನಿಗಳು 2023ರಲ್ಲಿಯೂ ಕಣಗಳನ್ನು ಎಣಿಸುವ ಹೊಸ ಯಂತ್ರವನ್ನು ತಂದವು. ಎಂದರೆ, ಹುಣಸೂರಿನ ವರ್ತಕನೊಬ್ಬನ ಪಿಕಪ್ ವಾಹನವು ಸರ್ಟಿಫಿಕೇಟಿನ ಮೇಲೆ ನಿರ್ಮಲವಾಗಿದ್ದು, ಒಳಗೆ ದುಬಾರಿ ಭಾಗವೊಂದು ಸಾಯುತ್ತಿರಬಹುದು. ಪತ್ರ ಹಿಡಿದು ಬಂದ ಮಾಲೀಕನಿಗೆ ಅದರ ಸುಳಿವೇ ಇರುವುದಿಲ್ಲ.

ಪರೀಕ್ಷೆ ಪ್ರಾಮಾಣಿಕವಾಗಿ ನಡೆದಾಗಿನ ಮಾತು ಇದು. ದೆಹಲಿಯ ವಾಯುಮಾಲಿನ್ಯವನ್ನು ಕುರಿತು ಮಹಾಲೇಖಪಾಲರು ಸಿದ್ಧಪಡಿಸಿ, 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಿಧಾನಸಭೆಯಲ್ಲಿ ಮಂಡಿತವಾದ ವರದಿಯು, ಮಿತಿಯನ್ನು ಮೀರಿದ ಒಂದು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ತೇರ್ಗಡೆ ಪತ್ರ ದೊರೆತಿದ್ದುದನ್ನು ದಾಖಲಿಸಿದೆ. ರಾಜಧಾನಿಯ ಸ್ಥಿತಿಯೇ ಹೀಗಿರುವಾಗ ತಾಲ್ಲೂಕು ಕೇಂದ್ರಗಳ ಬಗ್ಗೆ ಅತಿಯಾದ ನಂಬಿಕೆ ಯಾರಿಗೂ ಬೇಡ.

ವಾಹನದ ಒಳಗೇ ಕುಳಿತು ಸದಾ ಲೆಕ್ಕ ಬರೆಯುವ ಗುಮಾಸ್ತನೊಬ್ಬನಿದ್ದಾನೆ. ಅವನ ಹೆಸರು ಓ.ಬಿ.ಡಿ., ಅರ್ಥಾತ್ ವಾಹನದೊಳಗಿನ ದೋಷಪತ್ತೆ ವ್ಯವಸ್ಥೆ. ಬಿಎಸ್-4 ನಾಲ್ಕು ಚಕ್ರದ ವಾಹನಗಳಲ್ಲಿ ಇದರ ಎರಡನೆಯ ಶ್ರೇಣಿಯು 2013ರಿಂದ ಕಡ್ಡಾಯವಾಯಿತು. ಬಿಎಸ್-6ರೊಂದಿಗೆ ದ್ವಿಚಕ್ರ ವಾಹನಗಳಿಗೂ ಬಂದಿತು. ಸಂವೇದಕಗಳು ಕಳುಹಿಸುವ ಮಾಹಿತಿಯನ್ನು ಇದು ಕ್ಷಣಕ್ಷಣವೂ ಪರಿಶೀಲಿಸಿ, ದೋಷ ಕಂಡೊಡನೆ ಅದಕ್ಕೊಂದು ಸಂಕೇತ ಸಂಖ್ಯೆಯನ್ನು ಬರೆದಿಟ್ಟು, ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪವನ್ನು ಹೊತ್ತಿಸುತ್ತದೆ. ಪಿ0420 ಎಂದಿದ್ದರೆ ಕೆಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಕುಂದಿದೆಯೆಂದು ಅರ್ಥ. ಕಾರು, ಪಿಕಪ್‌ಗಳಲ್ಲಿ ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಹದಿನಾರು ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಜೋಡಿಸಿ ಈ ಸಂಖ್ಯೆಗಳನ್ನು ಓದಬಹುದು.

ಅದೇ ಸ್ಕ್ಯಾನರಿನಿಂದ ಅವನ್ನು ಅಳಿಸಲೂ ಬಹುದು. ಬ್ಯಾಟರಿಯ ತಂತಿಯನ್ನು ಕಳಚಿದರೂ ಅನೇಕ ವಾಹನಗಳಲ್ಲಿ ದೀಪ ಆರುತ್ತದೆ. ಇದನ್ನರಿತೇ ವಿನ್ಯಾಸಕಾರರು ‘ರೆಡಿನೆಸ್’ ಎಂಬ ಇನ್ನೊಂದು ಕಟ್ಟುಪಾಡನ್ನು ಮಾಡಿರುವುದು. ವ್ಯವಸ್ಥೆಯು ತನ್ನ ಒಂದೊಂದು ಭಾಗವನ್ನೂ ಪರೀಕ್ಷಿಸಿ ಮುಗಿಸಿದ ಬಳಿಕ ಆ ಭಾಗದ ಎದುರು ‘ಸಿದ್ಧ’ ಎಂದು ಗುರುತು ಹಾಕಿಕೊಳ್ಳುತ್ತದೆ. ದೋಷಸಂಖ್ಯೆಗಳನ್ನು ಅಳಿಸಿದಾಗ ಈ ಗುರುತುಗಳೂ ಅಳಿಸಿಹೋಗುತ್ತವೆ. ಮರಳಿ ‘ಸಿದ್ಧ’ವಾಗಬೇಕಾದರೆ ವಾಹನವು ರಾತ್ರಿಯಿಡೀ ತಣ್ಣಗೆ ನಿಂತು, ಬೆಳಿಗ್ಗೆ ಚಾಲೂ ಆಗಿ, ಕೆಲಕಾಲ ಒಂದೇ ವೇಗದಲ್ಲಿ ಓಡಿ, ಮತ್ತೆ ನಿಧಾನಿಸಿ, ಹೀಗೆ ನಾನಾ ಸ್ಥಿತಿಗಳನ್ನು ಹಾದುಬರಬೇಕು. ಆದ್ದರಿಂದ ದೀಪ ಆರಿದೆ, ದೋಷಸಂಖ್ಯೆ ಇಲ್ಲ, ಆದರೆ ಗುರುತುಗಳೂ ಇಲ್ಲ ಎಂದಾದರೆ, ಲೆಕ್ಕದ ಪುಸ್ತಕದಿಂದ ಹಾಳೆಗಳನ್ನು ಯಾರೋ ಈಚೆಗೆ ಹರಿದಿದ್ದಾರೆಂದು ಸಂಶಯಪಡಬೇಕು. ಬ್ಯಾಟರಿ ಬದಲಿಸಿದ್ದರೂ ಹೀಗಾಗಬಹುದೆಂಬುದು ನಿಜ. ಆಗ ಮಾಲೀಕನು ಬ್ಯಾಟರಿಯ ಬಿಲ್ಲನ್ನು ತೋರಿಸಿದರಾಯಿತು.

ವರ್ತಕರಿಗೆ ಇದರ ನೇರ ಪ್ರಯೋಜನವಿರುವುದು ಹಳೆಯ ವಾಹನಗಳ ಖರೀದಿಯಲ್ಲಿ. ಪಿರಿಯಾಪಟ್ಟಣದ ಶುಂಠಿ ವ್ಯಾಪಾರಿಯೊಬ್ಬರು 2021ರ ಡೀಸೆಲ್ ಪಿಕಪ್ ಒಂದನ್ನು ಕೊಳ್ಳಲು ಹೋದರೆನ್ನೋಣ. ಟಯರು, ಬಾಡಿ, ವಿಮೆ, ಎಫ್.ಸಿ., ಹೊಗೆ ಪತ್ರ ಎಲ್ಲವನ್ನೂ ನೋಡುತ್ತಾರೆ. ಹಿಂದಿನ ದಿನವಷ್ಟೇ ದೋಷಸಂಖ್ಯೆಗಳನ್ನು ಅಳಿಸಿ ತಂದಿದ್ದರೆ ಇವುಗಳಲ್ಲಿ ಒಂದೂ ಬಾಯಿ ಬಿಡುವುದಿಲ್ಲ. ರೆಡಿನೆಸ್ ಗುರುತುಗಳು ಹೇಳುತ್ತವೆ. ಸಂಖ್ಯೆ ಅಳಿಸಿದ ಬಳಿಕ ವಾಹನ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಅನೇಕ ವಾಹನಗಳು ತಿಳಿಸುತ್ತವೆ. ಮಸಿ ಶೋಧಕವನ್ನೋ ಯೂರಿಯಾ ಘಟಕವನ್ನೋ ಬದಲಿಸುವ ವೆಚ್ಚವನ್ನು ಬಲ್ಲವರಿಗೆ ಈ ಹತ್ತು ನಿಮಿಷದ ಪರೀಕ್ಷೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಸ್ಕ್ಯಾನರ್ ಇಲ್ಲದವರೂ ಒಂದು ಕೆಲಸ ಮಾಡಬಹುದು. ಕೀಲಿಯನ್ನು ತಿರುಗಿಸಿದೊಡನೆ ಹಳದಿ ದೀಪ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಹೊತ್ತಿಕೊಳ್ಳದೇ ಹೋದರೆ ದೀಪಕ್ಕೆ ಯಾರೋ ಗತಿ ಕಾಣಿಸಿದ್ದಾರೆ.

ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಈ ವ್ಯವಸ್ಥೆ ಕಡ್ಡಾಯ. ಕ್ಯಾಲಿಫೋರ್ನಿಯಾ ರಾಜ್ಯವು 2015ರಿಂದ, 2000ನೆಯ ಇಸವಿ ಮತ್ತು ಅನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆ ಕೊಳವೆಯ ಪರೀಕ್ಷೆಯನ್ನೇ ಕೈಬಿಟ್ಟು ಕಿಂಡಿಯ ಮಾಹಿತಿಯನ್ನೇ ಆಧರಿಸಿದೆ. ಅಲ್ಲಿಯೂ ಜಾಣರಿಗೆ ಕೊರತೆಯಿರಲಿಲ್ಲ. ಕೆಟ್ಟ ಕಾರಿನ ಬದಲು ಒಳ್ಳೆಯ ಕಾರಿಗೆ ಯಂತ್ರವನ್ನು ಜೋಡಿಸಿ ಪತ್ರ ಪಡೆದವರಿದ್ದರು. ಸ್ಕ್ಯಾನರಿನಿಂದ ಅಳಿಸಲಾಗದ ಶಾಶ್ವತ ದೋಷಸಂಖ್ಯೆಗಳನ್ನು 2019ರಿಂದ ಪರಿಗಣಿಸಲಾರಂಭಿಸಿದ್ದು ಇಂತಹ ಅನುಭವಗಳಿಂದಲೇ. ಆದುದರಿಂದ ಕಿಂಡಿಯ ಪರೀಕ್ಷೆ ಬಂದರೆ ಮೋಸವೆಲ್ಲ ನಿಲ್ಲುವುದೆಂದು ಯಾರೂ ಭಾವಿಸಲಾಗದು. ಮೋಸ ಮಾಡುವುದು ಕಷ್ಟವಾಗುತ್ತದೆ, ಅಷ್ಟೆ.

ಭಾರತದಲ್ಲಿ 2021ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯು ದೇಶಕ್ಕೆಲ್ಲ ಒಂದೇ ಮಾದರಿಯ ಪತ್ರ, ಕ್ಯೂಆರ್ ಸಂಕೇತ, ರಾಷ್ಟ್ರೀಯ ನೋಂದಣಿ ದಾಖಲೆಯೊಂದಿಗೆ ಜೋಡಣೆ ಹಾಗೂ ಅನುತ್ತೀರ್ಣವಾದರೆ ಕಾರಣ ಸಹಿತ ಚೀಟಿ ಇವುಗಳನ್ನು ಗೊತ್ತುಪಡಿಸಿತು. ಇದು ಕಾಗದದ ಸುಧಾರಣೆ. ಪರೀಕ್ಷೆಯು ಹೊಗೆ ಕೊಳವೆಯ ಬಾಯಲ್ಲೇ ಉಳಿಯಿತು. ಅದೇ ಚೀಟಿಯಲ್ಲಿ ಹಳದಿ ದೀಪದ ಸ್ಥಿತಿ ಮತ್ತು ರೆಡಿನೆಸ್ ಗುರುತುಗಳಿಗಾಗಿ ಎರಡು ಅಂಕಣಗಳನ್ನು ಸೇರಿಸುವುದು ಅಸಾಧ್ಯವೇನಲ್ಲ. ಇದಕ್ಕಾಗಿ ವಾಣಿಜ್ಯ ಸಂಸ್ಥೆಗಳೇ ಸರ್ಕಾರವನ್ನು ಒತ್ತಾಯಿಸಬೇಕೆಂಬುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇರುವ ತಪಾಸಣೆಯೇ ಸಾಕಾಗಿರುವಾಗ ಇನ್ನೊಂದನ್ನು ಕೇಳಿ ಪಡೆಯುವುದೇ ಎಂದು ಲಾರಿ ಮಾಲೀಕರು ಆಕ್ಷೇಪಿಸಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ನಿಯಮ ಹೇಗೂ ಒಂದು ದಿನ ದೆಹಲಿಯಿಂದ ಬರುವಂಥದೇ. ತಾಲ್ಲೂಕುಗಳ ಸ್ಥಿತಿಗತಿಯನ್ನು ತಿಳಿಸದೆ ಸುಮ್ಮನಿದ್ದರೆ ಅದು ಮಹಾನಗರದ ಅಳತೆಗೆ ಹೊಲಿದ ಅಂಗಿಯಾಗಿ ಬರುತ್ತದೆ.

ಆ ಸ್ಥಿತಿಗತಿಯಾದರೂ ಏನು? ಅಂಗಡಿಗೂ ಗೋದಾಮಿಗೂ, ಅಕ್ಕಿ ಗಿರಣಿಗೂ ಸಂತೆಗೂ ನಡುವೆ ಎರಡು ಮೂರು ಕಿಲೋಮೀಟರ್ ಓಡಾಡುವ ಸಣ್ಣ ಸರಕು ವಾಹನಗಳು ಇಲ್ಲಿ ಹೇರಳವಾಗಿವೆ. ಇಂತಹ ಓಟದಲ್ಲಿ ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲುತ್ತದೆ. ಯಾವ ಮೋಸವೂ ಇಲ್ಲದೆ ರೆಡಿನೆಸ್ ಗುರುತು ವಾರಗಟ್ಟಲೆ ಅಪೂರ್ಣವಾಗಿಯೇ ಉಳಿಯಬಹುದು. ಮಸಿ ಶೋಧಕವಿರುವ ವಾಹನಗಳಲ್ಲಿ ಸೇರಿದ ಮಸಿ ಸುಟ್ಟುಹೋಗಲೂ ದೀರ್ಘ ಓಟ ಬೇಕು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಮಡಿಕೇರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಒಮ್ಮೆ ಹೋಗಿಬಂದರೆ ನೆರವೇರಬಹುದಾದ ಕೆಲಸವನ್ನು ಪೇಟೆಯೊಳಗಿನ ನೂರು ಓಟಗಳು ಮಾಡಲಾರವು. ಹೆಗ್ಗಡದೇವನಕೋಟೆಯ ಕಾಡಂಚಿನ ಊರಿನಿಂದ ಬಂದ ವಾಹನವನ್ನು ‘ಸಿದ್ಧವಿಲ್ಲ, ನಾಳೆ ಬನ್ನಿ’ ಎಂದು ಹಿಂದಕ್ಕೆ ಕಳುಹಿಸಿದರೆ ಮಾಲೀಕನ ಎರಡು ದಿನದ ಬಾಡಿಗೆ ಹೋದಂತೆಯೇ. ಇನ್ನು ದುರಸ್ತಿಯ ಪ್ರಶ್ನೆ. ಕಿವಿಯಿಂದಲೇ ಎಂಜಿನ್ನಿನ ಆರೋಗ್ಯ ಹೇಳಬಲ್ಲ ಮೆಕ್ಯಾನಿಕ್‌ಗಳು ಈ ಊರುಗಳಲ್ಲಿದ್ದಾರೆ. ದೋಷಸಂಖ್ಯೆಯ ಬೆನ್ನು ಹತ್ತಿ ಸಂವೇದಕ ಕೆಟ್ಟಿದೆಯೋ ತಂತಿ ತುಂಡಾಗಿದೆಯೋ ಎಂದು ಬಿಡಿಸಿ ನೋಡುವ ತರಬೇತಿಯನ್ನು ಅವರಿಗೆ ಕೊಟ್ಟವರಿಲ್ಲ. ಪರಿಣಾಮವಾಗಿ ಸಂಖ್ಯೆ ಅಳಿಸುವುದೇ ದುರಸ್ತಿಯೆಂಬಂತಾಗುತ್ತದೆ, ಇಲ್ಲವೇ ವಾಹನವು ಮೈಸೂರಿನ ಕಂಪನಿ ಶೋರೂಮಿನ ಸಾಲಿನಲ್ಲಿ ನಿಲ್ಲುತ್ತದೆ.

ಆದ್ದರಿಂದ ಕೇಳಬೇಕಾದುದನ್ನು ಕ್ರಮವರಿತು ಕೇಳಬೇಕು. ಮೊದಲ ಒಂದು ವರ್ಷ ದೀಪ ಮತ್ತು ರೆಡಿನೆಸ್‌ಗಳ ವಿವರವನ್ನು ಪತ್ರದಲ್ಲಿ ಮಾಹಿತಿಗಾಗಿ ಮಾತ್ರ ಮುದ್ರಿಸಲಿ. ಆ ಕಾರಣಕ್ಕೆ ಯಾರನ್ನೂ ಅನುತ್ತೀರ್ಣಗೊಳಿಸುವುದು ಬೇಡ. ಅನಂತರವೂ ಒಂದು ಗುರುತು ಅಪೂರ್ಣವಿದ್ದರೆ ಪತ್ರ ನಿರಾಕರಿಸಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ 2001 ಮತ್ತು ಅನಂತರದ ವಾಹನಗಳಿಗೆ ಇಷ್ಟು ರಿಯಾಯಿತಿಯನ್ನು ಒಪ್ಪಿದೆ. ಮರುಪರೀಕ್ಷೆಗೆ ಕೆಲವು ದಿನಗಳ ಕಾಲಾವಕಾಶವಿದ್ದು, ಆ ಅವಧಿಯಲ್ಲಿ ಹಳೆಯ ಪತ್ರವೇ ಊರ್ಜಿತವಾಗಿರಬೇಕು, ಮತ್ತೆ ಶುಲ್ಕ ಕೂಡದು. ಓ.ಬಿ.ಡಿ. ಇಲ್ಲದ ಹಳೆಯ ವಾಹನಗಳನ್ನೂ, ಬೇರೆಯೇ ಮಾನದಂಡವಿರುವ ಟ್ರ್ಯಾಕ್ಟರುಗಳನ್ನೂ ಇದರಿಂದ ಹೊರಗಿಡಬೇಕೆಂಬುದನ್ನು ನಿಯಮದಲ್ಲಿಯೇ ಬರೆದಿರಬೇಕು. ಬರೆಯದೆ ಬಿಟ್ಟದ್ದು ತಪಾಸಣೆಯ ರಸ್ತೆಯಲ್ಲಿ ಯಾರಿಗೆ ಅನುಕೂಲವಾಗುತ್ತದೆಂಬುದು ವಾಹನ ಓಡಿಸುವವರಿಗೆಲ್ಲ ಗೊತ್ತು.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಒಳ್ಳೆಯ ಸ್ಕ್ಯಾನರ್ ಒಬ್ಬ ಮೆಕ್ಯಾನಿಕ್‌ಗೆ ಭಾರವೆನಿಸಬಹುದು, ನಾಲ್ಕು ತಾಲ್ಲೂಕುಗಳ ವರ್ತಕರ ಸಂಘಗಳಿಗೆ ಆಗದು. ಸಂಘಕ್ಕೊಂದರಂತೆ ಕೊಂಡು, ಸಮೀಪದ ಐ.ಟಿ.ಐ. ಬೋಧಕರ ನೆರವಿನಿಂದ ಸ್ಥಳೀಯ ಮೆಕ್ಯಾನಿಕ್‌ಗಳಿಗೆ ಕೆಲವು ಭಾನುವಾರಗಳ ತರಗತಿ ನಡೆಸಿದರೆ, ವಾಹನವನ್ನು ಮೈಸೂರಿಗೆ ಸಾಗಿಸುವ ಖರ್ಚೇ ಆ ಹಣವನ್ನು ತೀರಿಸುತ್ತದೆ. ಹೊಗೆ ಪತ್ರ ನವೀಕರಣಕ್ಕೆ ಹದಿನೈದು ದಿನ ಮೊದಲೇ ಕಿಂಡಿಯನ್ನು ಓದಿಸುವ ರೂಢಿಯನ್ನು, ಐದಾರು ವಾಹನಗಳನ್ನಿಟ್ಟುಕೊಂಡಿರುವ ಗಿರಣಿ ಮಾಲೀಕರು ಮತ್ತು ಮರದ ವ್ಯಾಪಾರಿಗಳಿಂದ ಆರಂಭಿಸಬಹುದು. ಹರಾಜು ಆರಂಭವಾಗುವ ಮುನ್ನ, ಆಗಸ್ಟ್ ತಿಂಗಳಲ್ಲಿಯೇ ಇದು ನಡೆದರೆ ಉತ್ತಮ. ಆಗ ಬಿಡಿಭಾಗ ತರಿಸಲೂ ಸಮಯವಿರುತ್ತದೆ, ಮೆಕ್ಯಾನಿಕ್‌ಗೂ ಬಿಡುವಿರುತ್ತದೆ.