ಬರೆಯೋಕೆ ಮೈಸೂರಿಗೇ ಹೋಗಬೇಕಾ?



ಕಳೆದ ತಿಂಗಳು ಇದೇ ಗೋಡೆ ಪತ್ರಿಕೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯ ಎಮ್ಮೆ ಮಾರಿದ ದಿನದ ಬಗ್ಗೆ ಪದ್ಯ ಬರೆದಿದ್ದಳು. ನೀವೆಲ್ಲ ಊಟದ ಬೆಲ್ ಹೊಡೆದಾಗ ನಿಂತು ಓದಿದ್ರಿ, "ಚೆನ್ನಾಗದೆ" ಅಂದ್ರಿ. ಸಾಯಂಕಾಲ ಅವಳು ನನ್ನ ಹತ್ರ ಬಂದು, "ಅಕ್ಕಾ, ಎಲ್ಲಾರೂ ಚೆನ್ನಾಗದೆ ಅಂತಾರೆ. ಏನು ಚೆನ್ನಾಗದೆ ಅಂತ ಯಾರೂ ಹೇಳಾಕಿಲ್ಲ" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಅವತ್ತಿಂದ ಯೋಚನೆ ಮಾಡಿ ಈ ಲೇಖನ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ನಮಗೆ ಬರೆಯುವ ಅವಕಾಶ ಇಲ್ಲವೇ ಇಲ್ಲ ಅಂತಲ್ಲ. ಪ್ರಬಂಧ ಸ್ಪರ್ಧೆ ಇದೆ, ಪ್ರತಿಭಾ ಕಾರಂಜಿ ಇದೆ. ನಾನೂ ಒಂದು ಸಲ ಪ್ರಬಂಧ ಸ್ಪರ್ಧೆಗೆ ಹೋಗಿದ್ದೆ. ವಿಷಯ ಅವರೇ ಕೊಟ್ಟರು, 'ಪರಿಸರ ಸಂರಕ್ಷಣೆ'. ಗೈಡಿನಲ್ಲಿ ಓದಿದ್ದನ್ನೇ ಬರೆದೆ, ಎರಡನೇ ಬಹುಮಾನ ಬಂತು. ಸ್ಟೀಲ್ ತಟ್ಟೆ ಈಗಲೂ ಮನೆಯಲ್ಲಿದೆ. ಆದರೆ ನಾನು ಬರೆದಿದ್ದ ಹಾಳೆ ನನಗೆ ವಾಪಸ್ ಬರಲಿಲ್ಲ. ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಇವತ್ತಿಗೂ ತಿಳಿಯದು. ಸ್ಪರ್ಧೆಯಲ್ಲಿ ನಂಬರ್ ಸಿಗುತ್ತದೆ. ಆ ಎಮ್ಮೆ ಪದ್ಯದ ಹುಡುಗಿಗೆ ಬೇಕಾಗಿರುವುದು ಕೂತು ಕೇಳಿ, ಬಿಡಿಸಿ ಹೇಳುವ ಒಬ್ಬರು.

ಅಂಥ ಒಬ್ಬರು ಸಿಕ್ಕರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಮೈಸೂರಿನಲ್ಲೇ ಉದಾಹರಣೆ ಇದೆ. ಮಲೆನಾಡಿನ ಕುಪ್ಪಳಿಯಿಂದ ಪುಟ್ಟಪ್ಪ ಎಂಬ ಹುಡುಗ ಮೈಸೂರಿಗೆ ಹೈಸ್ಕೂಲು ಓದಲು ಬಂದ. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅಂತ ಒಂದು ಚಿಕ್ಕ ಪುಸ್ತಕವೂ ಅಚ್ಚಾಯಿತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಪುಟ್ಟಪ್ಪ ತನ್ನ ಪದ್ಯಗಳನ್ನು ತೋರಿಸಿದ. ಅವರು ಓದಿ, ನಿನ್ನ ತಾಯ್ನುಡಿಯಲ್ಲಿ ಬರೆ ಎಂದರು. ಆ ಪುಟ್ಟಪ್ಪನೇ ನಮ್ಮ ಕುವೆಂಪು. 'ಶ್ರೀ ರಾಮಾಯಣ ದರ್ಶನಂ' ಕಾವ್ಯಕ್ಕೆ 1967ರ ಜ್ಞಾನಪೀಠ ಬಂತು, ಕನ್ನಡಕ್ಕೆ ಅದೇ ಮೊದಲನೆಯದು. ನಾವೆಲ್ಲ ಕುವೆಂಪು ಆಗ್ತೀವಿ ಅಂತ ನಾನು ಹೇಳುತ್ತಿಲ್ಲ. ಅವರಂಥವರಿಗೂ ಎಳೆ ವಯಸ್ಸಲ್ಲಿ ಓದಿ ಹೇಳೋರು ಬೇಕಾಗಿತ್ತು ಅಂತ ಮಾತ್ರ ಹೇಳುತ್ತಿದ್ದೇನೆ.

ಈಗಿನ ಮೈಸೂರಿನಲ್ಲೂ ಇಂಥ ಜಾಗಗಳು ಬೇಕಾದಷ್ಟಿವೆ. ದಸರಾದಲ್ಲಿ ಕವಿಗೋಷ್ಠಿ ನಡೆಯುತ್ತದೆ. ಕಲಾಮಂದಿರದಲ್ಲಿ ಪುಸ್ತಕ ಬಿಡುಗಡೆ, ಸಾಹಿತ್ಯದ ಸಭೆ ನಡೆಯುತ್ತವೆ. ಅದರ ಪಕ್ಕದಲ್ಲೇ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ಇದೆ. ಅಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ 'ಚಿನ್ನರ ಮೇಳ' ಮಾಡುತ್ತಾ ಬಂದಿದ್ದಾರೆ. ಆದರೆ ಅದಕ್ಕೆ ದಿನಾ ಹೋಗಿ ಬರಬೇಕು. ನಮ್ಮೂರಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಹುಡುಗಿಯರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಕಾರ್ಯಕ್ರಮ ಶುರುವಾಗೋದು ಸಾಯಂಕಾಲ. ಮುಗಿಯೋ ಹೊತ್ತಿಗೆ ಕತ್ತಲು. "ಪದ್ಯ ಕೇಳಾಕೆ ಹೋಗಿದ್ದೆ ಕಣವ್ವ" ಅಂತ ರಾತ್ರಿ ಒಂಬತ್ತಕ್ಕೆ ಮನೆಗೆ ಹೋದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಹುಡುಗರಿಗೆ ಕತ್ತಲ ಹೆದರಿಕೆ ಇಲ್ಲ, ಟಿಕೆಟ್ ದುಡ್ಡು ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮ ಹಿತ್ತಲಲ್ಲೇ ಒಂದು ಗಿಡ ಇದೆ, ಪಂಚಾಯ್ತಿ ಲೈಬ್ರರಿ. ಈಗ ಅದಕ್ಕೆ 'ಅರಿವು ಕೇಂದ್ರ' ಅಂತ ಹೆಸರು. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಅಂತ ಆಗಿದೆ. ನಮ್ಮಲ್ಲಿ ಎಷ್ಟು ಜನ ಕಾರ್ಡ್ ಮಾಡಿಸಿಕೊಂಡು ಆಮೇಲೆ ಹೋಗಿದ್ದೀವಿ? ನಾನೇ ಮೂರು ಸಲ, ಅದೂ ಪೇಪರ್ ನೋಡೋಕೆ.

ನನ್ನ ಸಲಹೆ ಇಷ್ಟು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅರಿವು ಕೇಂದ್ರದಲ್ಲಿ ಕೂರೋಣ. ಅರ್ಧ ಗಂಟೆ ಬರೆಯೋಣ, ಅರ್ಧ ಗಂಟೆ ಓದೋಣ. ಕೇಳಿದವರು "ಚೆನ್ನಾಗದೆ" ಅನ್ನೋ ಪದ ಬಳಸಬಾರದು. ಯಾವ ಸಾಲು ನೆನಪಲ್ಲಿ ಉಳೀತು, ಎಲ್ಲಿ ಅರ್ಥ ಆಗಲಿಲ್ಲ, ಈ ಎರಡೇ ಹೇಳಬೇಕು. ಬಹುಮಾನ ಬೇಡ. ತಿಂಗಳಿಗೆ ಒಬ್ಬ ಮೇಷ್ಟ್ರು ನಮ್ಮ ಜೊತೆ ಕೂತರೆ ಸಾಕು. ಕನ್ನಡ ಸಾಹಿತ್ಯ ಪರಿಷತ್ತಿನ ಹೋಬಳಿ ಘಟಕದವರಿಗೆ ಒಂದು ಕಾಗದ ಬರೆದು, ವರ್ಷಕ್ಕೆ ಎರಡು ಸಲ ಮೈಸೂರಿಂದ ಒಬ್ಬ ಬರಹಗಾರರನ್ನು ಕಳಿಸಿ ಅಂತ ಕೇಳೋಣ. ನಾವು ಮೂವತ್ತು ಜನ ಬಸ್ ಹತ್ತೋದಕ್ಕಿಂತ ಅವರೊಬ್ಬರು ಬರೋದು ಸುಲಭ.

"ಎಸ್ಸೆಸ್ಸೆಲ್ಸಿ ಮುಂದೈತೆ, ಪದ್ಯ ಬರೆದ್ರೆ ಮಾರ್ಕ್ಸ್ ಬತ್ತದಾ?" ಅಂತ ನಮ್ಮಪ್ಪ ಕೇಳಿದರು. ಮಾರ್ಕ್ಸಿಗೂ ಬರವಣಿಗೆಗೂ ಜಗಳ ಇಲ್ಲ. ಕನ್ನಡ ಪೇಪರಿನಲ್ಲಿ ಪ್ರಬಂಧ, ಪತ್ರ ಬರೆಯಲೇಬೇಕಲ್ಲ? ಆರ್.ಕೆ. ನಾರಾಯಣ್ ಅವರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲೇ ಓದುತ್ತಾ ಬರೆಯುತ್ತಾ ಇದ್ದರು. ಆಮೇಲೆ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. (ಇದನ್ನು ಹೇಳಿದ್ದು ಫೇಲಾಗೋಕೆ ನೆಪ ಅಂತ ಯಾರೂ ತಿಳಿಯಬೇಡಿ!)

ಇನ್ನು ಕೆಲವರು, "ನಮ್ಮ ಹಳ್ಳಿ ಭಾಷೇಲಿ ಬರೆದ್ರೆ ನಗ್ತಾರೆ" ಅಂತೀರಿ. ನಮ್ಮ ಜಿಲ್ಲೆಯವರೇ ಆದ, ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರು 'ಕುಸುಮಬಾಲೆ' ಕಾದಂಬರಿಯನ್ನು ಈ ಸೀಮೆಯ ಮಾತಲ್ಲೇ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾರೂ ನಗಲಿಲ್ಲ.

ಆ ಎಂಟನೇ ಕ್ಲಾಸಿನ ಹುಡುಗಿ ಈ ತಿಂಗಳು ಪತ್ರಿಕೆಗೆ ಏನೂ ಕೊಟ್ಟಿಲ್ಲ. ಕೇಳಿದರೆ, "ಯಾಕ್ ಬರೀಬೇಕಕ್ಕ" ಅಂದಳು. ನಾಳೆ ಸಿಕ್ಕಾಗ ಅವಳಿಗೆ ಹೇಳಬೇಕು ಅಂದುಕೊಂಡಿದ್ದೀನಿ: ಎಮ್ಮೆ ಹೋದ ಮೇಲೂ ಅಜ್ಜಿ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆ ಗುಡಿಸಿದ್ಲು ಅಂತ ಬರೆದಿದ್ದೆಯಲ್ಲ, ಅದು ನನಗೆ ಮರೆತಿಲ್ಲ ಅಂತ.

ಶನಿವಾರ ಬರೋರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಗುರುಗಳೂ ಬರೆಯಬಹುದು.

ಇಂತಿ,
ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ