ವೈದ್ಯಕಾಯಕ ಮತ್ತು ಸಂಬಳದ ಪ್ರಶ್ನೆ



ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಶ್ರೀಮಠದ ಅಂಗಳಕ್ಕೆ ಬರುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಅಂತಹುದೊಂದು ಸೋಮವಾರ ಬಿಳಿಕೆರೆಯ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಮೈಸೂರು–ಹುಣಸೂರು ಹೆದ್ದಾರಿಯಿಂದ ಹಾಸನದ ರಸ್ತೆ ಕವಲೊಡೆಯುವ ಆ ಊರಿನಿಂದ ಸ್ವಲ್ಪ ಒಳಗೆ ಅವರಿಗೆ ಮೂರು ಎಕರೆ ಭೂಮಿ, ಹೊಗೆಸೊಪ್ಪು ಹದಮಾಡುವ ಒಂದು ಬ್ಯಾರನ್. ಗದ್ದುಗೆಗೆ ನಮಸ್ಕರಿಸಿ, ವಿಭೂತಿ ಧರಿಸಿ, ನನ್ನ ಎದುರು ಕುಳಿತವರು ಕೇಳಿದ ಮೊದಲ ಮಾತು ಇದು: "ಮೇಷ್ಟ್ರೇ, ಡಾಕ್ಟ್ರಾದ್ರೆ ತಿಂಗಳಿಗೆ ಏಟು ಸಂಬ್ಳ ಬತ್ತದೆ?"

ಮಗಳು ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಹಿರಿಯ ಭಕ್ತರೊಬ್ಬರು, "ಗುರುವಿನ ಮುಂದೆ ಕೇಳುವ ಮಾತೇನಯ್ಯ ಇದು? ಸೇವೆಗೆ ಬೆಲೆ ಕಟ್ಟುತ್ತೀಯಾ?" ಎಂದು ಗದರಿದರು. ಆ ಕ್ಷಣದಲ್ಲಿ ನನಗೂ ಹಿರಿಯರ ಮಾತೇ ಸರಿಯೆನಿಸಿತು. ರಾತ್ರಿ ಕುಳಿತು ಯೋಚಿಸಿದಾಗ ಹಾಗೆನಿಸಲಿಲ್ಲ. ಆ ರೈತರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು. ಗದರಿಸಬೇಕಾಗಿದ್ದುದು ಅವರನ್ನಲ್ಲ.

ಕಾಯಕವೆಂದರೆ ಪ್ರತಿಫಲವಿಲ್ಲದ ದುಡಿಮೆಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಅದು ತಪ್ಪು ತಿಳಿವಳಿಕೆ. ಶರಣರು ಹಗ್ಗ ಹೊಸೆದರು, ಬಟ್ಟೆ ಮಡಿಮಾಡಿದರು, ದೋಣಿ ನಡೆಸಿದರು. ಅದರಿಂದ ಬಂದುದರಲ್ಲಿ ಮನೆಯನ್ನು ನಡೆಸಿ, ಜಂಗಮಕ್ಕೆ ದಾಸೋಹ ಮಾಡಿದರು. ಪ್ರತಿಫಲವೇ ಬಾರದಿದ್ದರೆ ದಾಸೋಹಕ್ಕೆ ಪದಾರ್ಥವೆಲ್ಲಿಂದ ಬರಬೇಕು? ಆ ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನೆಂಬಾತನೂ ಇದ್ದಾನೆ. ರೋಗ, ಔಷಧಗಳ ಪರಿಭಾಷೆಯಲ್ಲಿಯೇ ಅಧ್ಯಾತ್ಮವನ್ನು ಹೇಳಿದವನು. ಅವನಿಗೂ ವೈದ್ಯವೇ ಕಾಯಕ, ಅದೇ ಜೀವನೋಪಾಯ.

ಈ ಪ್ರಸಂಗದಲ್ಲಿ ಎಲ್ಲರೂ ನೆನೆಯುವುದು ಆಯ್ದಕ್ಕಿ ಲಕ್ಕಮ್ಮನನ್ನು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಕಳುಹಿಸಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಲಕ್ಕಮ್ಮ ಆ ಮಾತನ್ನು ಹೇಳಿದ್ದು ತನ್ನ ಗಂಡನಿಗೆ, ತನ್ನದೇ ಒಲೆಯ ಮುಂದೆ ನಿಂತು. ನೆರೆಮನೆಯವರ ಮಡಕೆಯಲ್ಲಿ ಎಷ್ಟು ಅಕ್ಕಿಯಿದೆಯೆಂದು ಆಕೆ ಇಣುಕಲಿಲ್ಲ. ಇಂದು ನಾವು ಆ ಕಥೆಯನ್ನು ವೈದ್ಯರಿಗೆ ಹೇಳುತ್ತೇವೆ, ಶಿಕ್ಷಕರಿಗೆ ಹೇಳುತ್ತೇವೆ. ನಮ್ಮ ಮನೆಗೆ ಹೇಳಿಕೊಳ್ಳುವುದಿಲ್ಲ. ಇನ್ನೊಂದು ಮಾತು. ಅಕ್ಕಿಯನ್ನು ಆಯುವ ಕಾಯಕಕ್ಕೆ ಸೇರಲು ಮಾರಯ್ಯ ಸಾಲ ಮಾಡಿರಲಿಲ್ಲ.

ಇಲ್ಲಿಯೇ ಇದೆ ವಿಷಯದ ಗಂಟು. ಒಬ್ಬ ವೈದ್ಯ ಎಷ್ಟು ಗಳಿಸಬೇಕೆಂಬುದು ಅವನು ಸ್ಟೆತಸ್ಕೋಪು ಹಿಡಿಯುವ ಮೊದಲೇ, ಕಾಲೇಜಿನ ಬಾಗಿಲಿನಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಇದು ಇಂದಿನ ಕಥೆಯೂ ಅಲ್ಲ. 1989ರಲ್ಲಿಯೇ ನಮ್ಮ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ಬಗೆಯ ವಾರ್ಷಿಕ ಶುಲ್ಕವನ್ನು ಗೊತ್ತುಮಾಡಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಹೆಚ್ಚಿನ ಶುಲ್ಕ ಕ್ಯಾಪಿಟೇಶನ್ನಿನ ಇನ್ನೊಂದು ಹೆಸರೆಂದು ಸುಪ್ರೀಂ ಕೋರ್ಟು 1992ರಲ್ಲಿ ಅದನ್ನು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಉಚಿತ ಸೀಟು, ಪಾವತಿ ಸೀಟು ಎಂಬ ವ್ಯವಸ್ಥೆ ಬಂದಿತು, 2002ರ ಟಿ.ಎಂ.ಎ. ಪೈ ತೀರ್ಪಿನೊಂದಿಗೆ ಅದೂ ಹೋಯಿತು. ಈಗ ಖಾಸಗಿ ಕಾಲೇಜಿನ ಆಡಳಿತ ಮಂಡಳಿಯ ಸೀಟೊಂದಕ್ಕೆ ತೆರಬೇಕಾದ ಹಣ, ಬಿಳಿಕೆರೆಯ ಆ ರೈತರು ಮೂರು ಎಕರೆಯನ್ನು ಮಾರಿದರೂ ಸಾಲದಷ್ಟು. ಆ ಹಣವನ್ನು ಸಾಲವಾಗಿ ತಂದು ಓದಿದ ಹುಡುಗಿಗೆ, ಪದವಿ ದೊರೆತ ದಿನ, "ತಾಯಿ, ನೀನು ಹಳ್ಳಿಯಲ್ಲಿ ನಿಲ್ಲು, ಹಣದ ಆಸೆ ಬಿಡು" ಎಂದು ಉಪದೇಶಿಸುವವರಿಗೆ ನಾಚಿಕೆಯಾಗಬೇಡವೆ? ಅವಳ ಪರವಾಗಿ ಬ್ಯಾಂಕಿನವರು ಕಂತನ್ನು ಬಿಡುವುದಿಲ್ಲವಷ್ಟೆ.

ಹಣವನ್ನು ಲೆಕ್ಕಿಸದೆ ಸೇವೆಗೆ ನಿಂತ ವೈದ್ಯರು ನಮ್ಮ ಸೀಮೆಯಲ್ಲಿಯೇ ಇಲ್ಲವೆ ಎಂದು ಕೆಲವರು ಕೇಳಬಹುದು. ಇದ್ದಾರೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ತಮ್ಮ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬ, ಕಾಡುಕುರುಬರ ಹಾಡಿಗಳ ನಡುವೆ ಚಿಕಿತ್ಸೆಯನ್ನು ಆರಂಭಿಸಿದರು. ಸರಗೂರಿನ ಆಸ್ಪತ್ರೆ ಅದರ ಫಲ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರೊಡನೆ ನೆಲೆಸಿ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಮಂಡ್ಯದಲ್ಲಿ ಡಾ. ಎಸ್.ಸಿ. ಶಂಕರೇಗೌಡರು ದಶಕಗಳ ಕಾಲ ಐದು ರೂಪಾಯಿಗೆ ರೋಗಿಗಳನ್ನು ನೋಡಿ ನಾಡಿನಲ್ಲೆಲ್ಲ ಹೆಸರಾದರು.

ಇವರಿಗೆ ಶಿರಬಾಗಿ ನಮಸ್ಕರಿಸುತ್ತೇನೆ. ನಮಸ್ಕರಿಸುತ್ತಲೇ ಒಂದು ಮಾತನ್ನು ಗಮನಿಸುತ್ತೇನೆ. ಮೊದಲಿಬ್ಬರು ಓದಿದ್ದು ಸರ್ಕಾರದ ಕಾಲೇಜುಗಳಲ್ಲಿ; ಮೈಸೂರಿನದಂತೂ ಅರಸರ ಕಾಲದಲ್ಲಿ, 1924ರಲ್ಲಿ ಆರಂಭವಾದುದು. ಅಲ್ಲಿ ಓದಿ ಹೊರಬಂದವರ ಬೆನ್ನ ಮೇಲೆ ಇಂದಿನ ಸೀಟಿನ ಸಾಲದ ಮೂಟೆಯಿರಲಿಲ್ಲ. ಶಂಕರೇಗೌಡರು ಕೃಷಿಕರೂ ಹೌದು. ಇದರಿಂದ ಅವರ ತ್ಯಾಗ ಚಿಕ್ಕದಾಗುವುದಿಲ್ಲ, ಏಕೆಂದರೆ ಅದೇ ತರಗತಿಯಲ್ಲಿ, ಅದೇ ಕಡಿಮೆ ಶುಲ್ಕಕ್ಕೆ ಓದಿದ ಎಷ್ಟೋ ಮಂದಿ ಕಾಡಿಗೂ ಹೋಗಲಿಲ್ಲ, ಹಳ್ಳಿಗೂ ಹೋಗಲಿಲ್ಲ. ಸಾಲವಿಲ್ಲದಿರುವುದು ಯಾರನ್ನೂ ಶರಣರನ್ನಾಗಿ ಮಾಡುವುದಿಲ್ಲ. ಆದರೆ ಶರಣರಾಗಬಯಸುವವರಿಗೆ ಅದು ದಾರಿ ಬಿಡುತ್ತದೆ. ಸಾಲ ಹೊತ್ತವರಿಗೆ ಆ ಆಯ್ಕೆಯೇ ಇರುವುದಿಲ್ಲ.

ವೈದ್ಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಯನ್ನು ನಮ್ಮ ರಾಜ್ಯ 2012ರ ಕಾನೂನಿನ ಮೂಲಕ ವಿಧಿಸಿತು. ಮುಂದೆ ಅದನ್ನು ಸಡಿಲಿಸಿದ್ದೂ ಆಯಿತು. ಕಾನೂನಿನಿಂದ ಒಬ್ಬರನ್ನು ಹಳ್ಳಿಯ ಆಸ್ಪತ್ರೆಯಲ್ಲಿ ಒಂದು ವರ್ಷ ಕೂರಿಸಬಹುದು. ಎರಡನೆಯ ವರ್ಷಕ್ಕೆ ಅವರಾಗಿಯೇ ಉಳಿಯಬೇಕಾದರೆ ಸರಿಯಾದ ಸಂಬಳ, ವಾಸಕ್ಕೊಂದು ಮನೆ, ಮಕ್ಕಳಿಗೊಂದು ಶಾಲೆ ಬೇಕೇ ಬೇಕು.

2020ರ ಬೇಸಿಗೆಯನ್ನು ನೆನೆಯಿರಿ. ಕೊರೋನಾ ವೈದ್ಯರಿಗಾಗಿ ನಾವೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ತಟ್ಟೆ ಬಾರಿಸಿದೆವು. ಅದೇ ವರ್ಷ ದಾವಣಗೆರೆಯಲ್ಲಿ ಯುವ ವೈದ್ಯರು ತಿಂಗಳುಗಟ್ಟಲೆ ಕೈಸೇರದ ಶಿಷ್ಯವೇತನಕ್ಕಾಗಿ ಬೀದಿಯಲ್ಲಿ ಧರಣಿ ಕುಳಿತಿದ್ದರು. ಕೊಡಬೇಕಾದವರು ಸರ್ಕಾರವೋ ಕಾಲೇಜೋ ಎಂಬುದೇ ಜಗಳ. ದುಡಿದವರ ಕೂಲಿಯನ್ನು ತಡೆದು ಅವರನ್ನು ದೇವರೆಂದು ಕರೆಯುವುದು ಯಾವ ಭಕ್ತಿ?

ಇನ್ನು ಹೇಳಲು ಸ್ವಲ್ಪ ಸಂಕೋಚವಾಗುವ ಮಾತು. ಬೆಳಗಾವಿಯಿಂದ ಮೈಸೂರಿನವರೆಗೆ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದವರಲ್ಲಿ ನಮ್ಮ ಸಮಾಜದ ಮಠಗಳು, ಸಂಸ್ಥೆಗಳು ಮುಂಚೂಣಿಯಲ್ಲಿವೆ. ಸರ್ಕಾರ ಕೈಚೆಲ್ಲಿದ್ದ ಕಾಲದಲ್ಲಿ ಅವು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಅನ್ನದಾಸೋಹವನ್ನು ಎಂದೂ ನಿಲ್ಲಿಸದ ನಾವು ಸೀಟಿನ ದಾಸೋಹವನ್ನು ಇನ್ನೂ ವಿಸ್ತಾರವಾಗಿ ನಡೆಸಬಾರದೇಕೆ? ಓದು ಮುಗಿಸಿ ಐದು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಹಳ್ಳಿಗಳಲ್ಲಿ ನಿಲ್ಲುವೆನೆಂದು ಒಪ್ಪುವ ಬಡ ವಿದ್ಯಾರ್ಥಿಗೆ ಪೂರ್ಣ ಶುಲ್ಕವನ್ನು ಭಕ್ತರು ಸೇರಿ ಭರಿಸಬಹುದು. ಜಾತ್ರೆಯ ಒಂದು ದಿನದ ದೀಪಾಲಂಕಾರದ ಖರ್ಚನ್ನು ಬಲ್ಲವರಿಗೆ ಇದು ಅಸಾಧ್ಯವೆನಿಸಲಾರದು. ನಾನು ಅಧಿಕಪ್ರಸಂಗ ಮಾಡಿದ್ದರೆ ಹಿರಿಯರು ಕ್ಷಮಿಸಬೇಕು.

ಮರುವಾರ ಆ ತಂದೆಮಗಳು ಮತ್ತೆ ಬಂದರು. ಈ ಸಲ ನಾನು ಕಾಗದ ತೆಗೆದುಕೊಂಡು ಲೆಕ್ಕ ಬರೆದೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷ ಹೌಸ್ ಸರ್ಜನ್, ತಜ್ಞೆಯಾಗಬೇಕೆಂದರೆ ಮೇಲೆ ಮೂರು ವರ್ಷ. ಜೊತೆಗೆ ಓದಿದ ಎಂಜಿನಿಯರ್ ಗೆಳತಿ ಇಪ್ಪತ್ತೆರಡಕ್ಕೆ ಸಂಬಳ ತರುವಾಗ ಇವಳಿನ್ನೂ ಪರೀಕ್ಷೆಗೆ ಓದುತ್ತಿರುತ್ತಾಳೆ. ಸರ್ಕಾರಿ ಸೀಟಾದರೆ ಇಷ್ಟು, ಖಾಸಗಿಯಾದರೆ ಇಷ್ಟು, ಸಾಲವಾದರೆ ತಿಂಗಳ ಕಂತು ಇಷ್ಟು. ತಂದೆ ಒಂದೊಂದನ್ನೂ ಬೇಲಿನ ಲೆಕ್ಕಕ್ಕೆ ತಿರುಗಿಸಿ ನೋಡುತ್ತಿದ್ದರು. (ಹೊಗೆಸೊಪ್ಪಿನ ಹಣದಿಂದ ಎದೆರೋಗದ ವೈದ್ಯೆಯನ್ನು ತಯಾರಿಸುವ ವಿಚಿತ್ರ ನಮ್ಮ ತಾಲ್ಲೂಕಿಗೆ ಮೀಸಲು.) ಎಲ್ಲ ಮುಗಿದ ಮೇಲೆ ಮಗಳನ್ನು ಕೇಳಿದೆ, "ನಿನಗೇನು ಬೇಕಮ್ಮ?"

"ಸರ್ಕಾರಿ ಸೀಟು ಸಿಕ್ಕಿದರೆ ಮಾತ್ರ ಹೋಗ್ತೀನಿ ಸರ್," ಎಂದಳು. "ಸಿಗದಿದ್ದರೆ ಇನ್ನೊಂದು ವರ್ಷ ಓದ್ತೀನಿ. ಆಗಲೂ ಸಿಗದಿದ್ದರೆ ನರ್ಸಿಂಗ್ ಸೇರ್ತೀನಿ. ಅಪ್ಪ ಹೊಲ ಮಾರೋದು ಬೇಡ."

ತಂದೆ ಏನೂ ಹೇಳಲಿಲ್ಲ. ಲೆಕ್ಕದ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಪ್ರಸಾದಕ್ಕೆ ಎದ್ದರು.