ಐದು ನಕ್ಷತ್ರ ಮತ್ತು 800 ಮೊಗ್ಗು

ನಮ್ಮ ಕಡೆ ‘ಹೋಟೆಲ್’ ಅಂದರೆ ತಕ್ಷಣ ಕಣ್ಣಿಗೆ ಬರುವುದು ಗೋಳಿಬಜೆ, ಬನ್ಸ್, ಸ್ಟೀಲ್ ಲೋಟದ ಚಾ. ‘ಮಗ ಬೊಂಬಾಯಿಯಲ್ಲಿ ಹೋಟೆಲ್‌ನಲ್ಲಿದ್ದಾನೆ’ ಅಂದರೆ ಉಡುಪಿ ಹೋಟೆಲ್ ಅಂತಲೇ ಅರ್ಥ. ತಾಜ್, ಒಬೆರಾಯ್ ಅಂತ ಶಂಕರಪುರದಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಅವೆಲ್ಲ ನಮಗೆ ರೀಲ್ಸ್‌ನಲ್ಲಿ ಬಂದು ಹೋಗುವ ಕಟ್ಟಡಗಳು.

ಆದರೆ ಒಂದು ರಾತ್ರಿಗೆ ನಮ್ಮ ತಿಂಗಳ ಇಎಂಐಯಷ್ಟು ಬಾಡಿಗೆ ತೆಗೆದುಕೊಳ್ಳುವ ಈ ಹೋಟೆಲ್‌ಗಳಲ್ಲಿ ಅಂಥದ್ದೇನಿದೆ? ಮೆತ್ತನೆ ಹಾಸಿಗೆ ಈಗ ಎಲ್ಲ ಕಡೆ ಇದೆ. ಸ್ವಿಮ್ಮಿಂಗ್ ಪೂಲ್ ಹೋಮ್‌ಸ್ಟೇಯಲ್ಲೂ ಇದೆ. ಹಾಗಿದ್ದೂ ಕೆಲವು ಹೆಸರು ಮಾತ್ರ ನೂರು ವರ್ಷ ದಾಟಿಯೂ ಮಾಸುವುದಿಲ್ಲ, ಯಾಕೆ?

ಮೊದಲ ಉತ್ತರ, ಕಥೆ. ಮುಂಬಯಿಯ ತಾಜ್ ಮಹಲ್ ಹೋಟೆಲನ್ನು ಜಮ್‌ಶೇಟ್‌ಜಿ ಟಾಟಾ ಕಟ್ಟಿಸಿದರು. ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಅದರ ಎದುರಿನ ಗೇಟ್‌ವೇ ಆಫ್ ಇಂಡಿಯಾ ಪೂರ್ತಿಯಾದದ್ದು 1924ರಲ್ಲಿ. ಅಂದರೆ ಹೋಟೆಲೇ ಹೆಬ್ಬಾಗಿಲಿಗಿಂತ ಇಪ್ಪತ್ತು ವರ್ಷ ದೊಡ್ಡದು! ನಮ್ಮ ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಶುರುವಾದಾಗ ಬರೀ ಹತ್ತು ಕೋಣೆಯ ಬೋರ್ಡಿಂಗ್ ಹೌಸ್. ಈಗ ರೇಸ್‌ಕೋರ್ಸ್ ರಸ್ತೆಯ ಗಲಾಟೆಯ ನಡುವೆ ಅಷ್ಟೊಂದು ಎಕರೆ ಮರಗಿಡ ಉಳಿಸಿಕೊಂಡಿರುವುದೇ ಅದರ ದೊಡ್ಡ ಐಷಾರಾಮ. ಮೈಸೂರಿನ ಲಲಿತಮಹಲ್ ಅರಮನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ 1921ರಲ್ಲಿ ಕಟ್ಟಿಸಿದ್ದು ವೈಸ್‌ರಾಯ್ ಬಂದರೆ ಉಳಿದುಕೊಳ್ಳಲಿ ಅಂತ. 1974ರಲ್ಲಿ ಅದು ಹೋಟೆಲ್ ಆಯಿತು. ಒಂದು ಕಾಲದಲ್ಲಿ ವೈಸ್‌ರಾಯ್‌ಗೆ ಮೀಸಲಾದ ಮೆಟ್ಟಿಲು ಹತ್ತಿ ನಾವೂ ನೀವೂ ಸೆಲ್ಫಿ ತೆಗೆಯಬಹುದು.

ಸರಿ, ಕಥೆ ಆಯಿತು. ಆದರೆ ಹಳೆ ಕಟ್ಟಡ, ಹಳೆ ಅರಮನೆ ದೇಶದಲ್ಲಿ ಬೇಕಾದಷ್ಟಿವೆ. ಎಷ್ಟೋ ಹಾಳು ಬಿದ್ದಿವೆ. ಕಲ್ಲು, ಗುಮ್ಮಟಕ್ಕಷ್ಟೇ ಜನ ಮತ್ತೆ ಮತ್ತೆ ಬರುವುದಿಲ್ಲ.

ನಿಜವಾದ ಉತ್ತರ ಸಿಕ್ಕಿದ್ದು 2008ರ ನವೆಂಬರ್ 26ರ ರಾತ್ರಿ. ತಾಜ್‌ಗೆ ಉಗ್ರರು ನುಗ್ಗಿದಾಗ ಅಲ್ಲಿನ ಸಿಬ್ಬಂದಿಗೆ ಹಿಂಬಾಗಿಲು, ಸರ್ವಿಸ್ ದಾರಿ ಎಲ್ಲ ಗೊತ್ತಿತ್ತು. ಓಡಿಹೋಗಬಹುದಿತ್ತು. ಹೆಚ್ಚಿನವರು ಹೋಗಲಿಲ್ಲ. ಅತಿಥಿಗಳನ್ನು ಕತ್ತಲಲ್ಲಿ ಕೂರಿಸಿ ಧೈರ್ಯ ಹೇಳಿದರು, ದಾರಿ ತೋರಿಸಿದರು, ಅಡುಗೆಮನೆಯವರು ಅಡ್ಡ ನಿಂತರು. ಹನ್ನೊಂದು ಮಂದಿ ನೌಕರರು ಪ್ರಾಣ ಕೊಟ್ಟರು. ಇದನ್ನು ಯಾವ ಮ್ಯಾನೇಜರೂ ಆರ್ಡರ್ ಮಾಡಿರಲಿಲ್ಲ. ಹಾಳಾದ ಹಳೆಯ ಕಟ್ಟಡ ರಿಪೇರಿಯಾಗಿ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು.

ಇವರು ಯಾಕೆ ಓಡಲಿಲ್ಲ ಅಂತ ಹಾರ್ವರ್ಡ್‌ನ ಪ್ರಾಧ್ಯಾಪಕರು ಅಧ್ಯಯನವೇ ಮಾಡಿದರು. 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಆ ಲೇಖನದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಕಡೆ. ತಾಜ್ ಕೆಲಸಕ್ಕೆ ಜನ ಹುಡುಕುವುದು ಮಹಾನಗರಗಳಲ್ಲಿ ಅಲ್ಲ, ಚಿಕ್ಕ ಊರುಗಳಲ್ಲಂತೆ. ಮಾರ್ಕ್ಸ್‌ಗಿಂತ ಗುಣ ನೋಡುತ್ತಾರೆ: ಹಿರಿಯರಿಗೆ ಕೊಡುವ ಮರ್ಯಾದೆ, ನಗುಮುಖ, ಕೆಲಸದ ಅಗತ್ಯ. ಬೇರೆಯವರು ಹನ್ನೆರಡು ತಿಂಗಳು ತರಬೇತಿ ಕೊಟ್ಟರೆ ಇವರದ್ದು ಹದಿನೆಂಟು ತಿಂಗಳು.

ಚಿಕ್ಕ ಊರು! ಅಂದರೆ ನಮ್ಮಂಥ ಊರು ಮಾರಾಯ್ರೆ.

ನಮ್ಮ ಪಕ್ಕದ ಮನೆಯ ಹುಡುಗಿಗೆ ಈ ವರ್ಷ ಪಿಯುಸಿ ಮುಗಿಯಿತು. ‘ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡ್ತೇನೆ’ ಅಂದಳು. ಅವಳ ದೊಡ್ಡಪ್ಪ ಕೇಳಿದರು: ‘ಲೋಟ ತೊಳೀಲಿಕ್ಕೆ ಲಕ್ಷಗಟ್ಟಲೆ ಫೀಸ್ ಎಂತಕ್ಕೆ?’ ಅವರನ್ನು ಬೈಯುವ ಹಾಗಿಲ್ಲ. ಅವರ ತಲೆಮಾರಿನವರು ಹತ್ತು ವರ್ಷದ ಹುಡುಗರಾಗಿದ್ದಾಗಲೇ ಬೊಂಬಾಯಿ ಬಸ್ ಹತ್ತಿ ಲೋಟ ತೊಳೆದವರು. ಮಕ್ಕಳು ಮತ್ತೆ ಅಲ್ಲಿಗೇ ಹೋಗಬಾರದು ಅನ್ನುವ ಭಯ ಅದು.

ಆದರೆ ನಮ್ಮ ಇಡೀ ಇತಿಹಾಸವೇ ಲೋಟ ತೊಳೆದಲ್ಲಿಂದ ಶುರುವಾದದ್ದಲ್ವಾ? ಕಡಂದಲೆಯ ಕೆ. ಕೃಷ್ಣ ರಾವ್ ಮದ್ರಾಸಿಗೆ ಹೋಗಿ ಅಡುಗೆಮನೆಯಲ್ಲೇ ದುಡಿದು, 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ವುಡ್‌ಲ್ಯಾಂಡ್ಸ್ ಮಾಡಿದರು. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಲ್ಲಿ 1924ರಲ್ಲಿ ಶುರು ಮಾಡಿದ್ದು ಇವತ್ತಿನ ಎಂಟಿಆರ್. ಇನ್ನು ಒಬೆರಾಯ್ ಸಾಮ್ರಾಜ್ಯ ಕಟ್ಟಿದ ಮೋಹನ್ ಸಿಂಗ್ ಒಬೆರಾಯ್ ಶಿಮ್ಲಾದ ಸೆಸಿಲ್ ಹೋಟೆಲಿಗೆ ಸೇರಿದ್ದು ಗುಮಾಸ್ತರಾಗಿ. ಅದೇ ಸೆಸಿಲ್ ಆಮೇಲೆ ಒಬೆರಾಯ್ ಹೋಟೆಲೇ ಆಯಿತು.

ಕಲಿಯಲಿಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಮಣಿಪಾಲದಲ್ಲಿ ಐಟಿಸಿ ಜತೆ ಸೇರಿ 1986ರಲ್ಲಿ ಶುರುವಾದ ವೆಲ್‌ಕಮ್‌ಗ್ರೂಪ್ ಹೋಟೆಲ್ ಕಾಲೇಜಿದೆ. ಇವತ್ತು ಜಗತ್ತಿಗೆ ಗೊತ್ತಿರುವ ಶೆಫ್ ವಿಕಾಸ್ ಖನ್ನಾ ಅಮೃತಸರದಿಂದ ಇಲ್ಲಿಗೆ ಬಂದು ಕಲಿತವರು. ಅವರು ಕೂಡಿಟ್ಟ ಅಡುಗೆ ಪಾತ್ರೆಗಳ ಮ್ಯೂಸಿಯಂ ಕೂಡ ಮಣಿಪಾಲದಲ್ಲೇ ಇದೆ, ಕಟ್ಟಡದ ಆಕಾರವೇ ಮಡಕೆಯದ್ದು. ದೊಡ್ಡಪ್ಪನನ್ನು ಒಮ್ಮೆ ಅಲ್ಲಿಗೆ ಕರ್ಕೊಂಡು ಹೋಗು ಅಂತ ಹುಡುಗಿಗೆ ಹೇಳಿದ್ದೇನೆ.

ಹಾಗಂತ ಬಣ್ಣ ಹಚ್ಚಿ ಹೇಳುವುದೂ ಬೇಡ. ಈ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕು. ದೀಪಾವಳಿ, ಹೊಸವರ್ಷ ಅಂತ ನಮಗೆಲ್ಲ ರಜೆ ಇದ್ದ ದಿನವೇ ಅವರಿಗೆ ಡಬಲ್ ಡ್ಯೂಟಿ. ಶುರುವಿನ ಸಂಬಳ ಸಾಫ್ಟ್‌ವೇರ್ ಹುಡುಗರ ಎದುರು ಹೇಳಿಕೊಳ್ಳುವ ಹಾಗಿರುವುದಿಲ್ಲ. ಲಾಬಿಯ ಹೊಳಪು ನೋಡಿ ಸೇರಿದವರು ಆರು ತಿಂಗಳಲ್ಲಿ ಬಿಡುತ್ತಾರೆ. ಅವಳಿಗೆ ಇದನ್ನೂ ಹೇಳಿದೆ.

ಐಷಾರಾಮಿ ಹೋಟೆಲ್‌ನ ಗುಟ್ಟು ಏನು ಅಂತ ಒಂದೇ ಮಾತಲ್ಲಿ ಹೇಳು ಅಂದರೆ ನಾನು ನಮ್ಮೂರ ಮಲ್ಲಿಗೆ ತೋರಿಸುತ್ತೇನೆ. ಇಲ್ಲಿ ಒಂದು ಚೆಂಡು ಅಂದರೆ 800 ಮೊಗ್ಗು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200. ಬೆಳಿಗ್ಗೆ ಬೇಗ ಕೊಯ್ದು, ಬಾಳೆನಾರಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ಮುಂಬಯಿಯಲ್ಲಿ ಅದನ್ನು ಮುಡಿಯುವ ಹೆಂಗಸು ಎಣಿಸಿ ನೋಡುತ್ತಾಳಾ? ಇಲ್ಲ. ಆದರೂ ನಮ್ಮ ಮನೆ ಜಗಲಿಯಲ್ಲಿ ಎಣಿಸಿಯೇ ಕಟ್ಟುತ್ತಾರೆ. ಯಾರೂ ಪರೀಕ್ಷೆ ಮಾಡದ ಕಡೆಯೂ ಲೆಕ್ಕ ತಪ್ಪಿಸದಿರುವುದು, ಹೆಸರು ನಿಲ್ಲುವುದು ಅದರಿಂದ. ದೊಡ್ಡ ಹೋಟೆಲ್‌ನಲ್ಲಿ ಮಂಚದಡಿ ಗುಡಿಸುವವರು, ಕಳೆದ ಸಲ ನೀವು ಸಕ್ಕರೆ ಬೇಡ ಅಂದದ್ದನ್ನು ನೆನಪಿಟ್ಟವರು ಮಾಡುವುದೂ ಇದನ್ನೇ.

ನಿಮಗೂ ಇದನ್ನು ಕಣ್ಣಾರೆ ನೋಡಬೇಕು ಅಂತಿದ್ದರೆ ಕೋಣೆ ಬುಕ್ ಮಾಡಲೇಬೇಕಂತಿಲ್ಲ. ಮೈಸೂರಿಗೆ ಹೋದಾಗ ಲಲಿತಮಹಲ್‌ನಲ್ಲಿ ಒಂದು ಊಟ, ಮುಂಬಯಿಗೆ ಹೋದಾಗ ತಾಜ್‌ನ ಸೀ ಲೌಂಜ್‌ನಲ್ಲಿ ಒಂದು ಚಹಾ ಸಾಕು. ಮೊದಲೇ ಫೋನ್ ಮಾಡಿ ರೇಟು, ಟೇಬಲ್ಲು, ಡ್ರೆಸ್ ಬಗ್ಗೆ ಕೇಳಿಕೊಳ್ಳಿ, ಅದರಲ್ಲಿ ನಾಚಿಕೆ ಎಂತದ್ದೂ ಇಲ್ಲ. ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗಿ. ಪಂಚೆ ಉಟ್ಟ ಅಪ್ಪನನ್ನು ಬಾಗಿಲಲ್ಲಿ ಹೇಗೆ ಮಾತಾಡಿಸುತ್ತಾರೆ ನೋಡಿ. ಆ ಹೋಟೆಲಿಗೆ ಎಷ್ಟು ನಕ್ಷತ್ರ ಕೊಡಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಬಡಿಸಿದವರ ಎದೆಯ ಮೇಲೆ ಹೆಸರಿನ ಬಿಲ್ಲೆ ಇರುತ್ತದೆ. ಓದಿ, ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಯಾವುದೋ ಚಿಕ್ಕ ಊರಿನಲ್ಲಿ ಅವರ ದೊಡ್ಡಪ್ಪನೂ ಇದೇ ಪ್ರಶ್ನೆ ಕೇಳಿರುತ್ತಾರೆ.